ಬಿಳಿ ಅಂಗಿಯ ಕೋಚ್: ಎರ್ವೆ ರೆನಾರ್ ನಡೆದ ದಾರಿ

(ಫುಟ್‌ಬಾಲ್ ಕೋಚ್‌ಗಳು, ಆಟಗಾರರು ಮತ್ತು ಪೋಷಕರ ಮುಂದೆ ಒಂದು ಸಂಜೆ ಆಡಿದ ಮಾತುಗಳ ಬರಹ ರೂಪ. ಕೊನೆಗೆ ಸಭೆಯಿಂದ ಬಂದ ಎರಡು ಪ್ರಶ್ನೆಗಳನ್ನೂ ಉತ್ತರಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಫ್ರಾನ್ಸಿನ ಡಿಫೆಂಡರ್ (ಗೋಲಿನ ಮುಂದೆ ನಿಂತು ಎದುರಾಳಿಯನ್ನು ತಡೆಯುವ ಆಟಗಾರ), ಆಮೇಲೆ ಕೋಚ್ ಆದವರು ಅಂದ ಕೂಡಲೇ ನಿಮ್ಮಲ್ಲಿ ಹಲವರಿಗೆ ಲೊರಾಂ ಬ್ಲಾಂ ನೆನಪಾಗಬಹುದು. 1998ರಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲಿದ್ದವರು. 2009ರಲ್ಲಿ ಬೋರ್ಡೊ ತಂಡಕ್ಕೆ ಲೀಗ್ ಗೆದ್ದುಕೊಟ್ಟವರು. ಆಮೇಲೆ ಫ್ರಾನ್ಸ್ ತಂಡಕ್ಕೂ ಪ್ಯಾರಿಸ್‌ನ ಪಿಎಸ್‌ಜಿ ಕ್ಲಬ್‌ಗೂ ಕೋಚ್ ಆದವರು. ದೊಡ್ಡ ಆಟಗಾರ ದೊಡ್ಡ ಕೋಚ್ ಆದ ಕಥೆ ಅದು. ಇವತ್ತು ನಾನು ಆರಿಸಿಕೊಂಡಿರುವುದು ಬೇರೆಯವರನ್ನು. ಅವರ ಆಟವನ್ನು ನೆನಪಿಟ್ಟುಕೊಂಡವರು ಫ್ರಾನ್ಸಿನಲ್ಲೇ ಕಡಿಮೆ. ಆದರೆ ಆಫ್ರಿಕಾದ ಎರಡು ದೇಶಗಳು ಅವರ ಹೆಸರನ್ನು ಮರೆಯುವುದಿಲ್ಲ. ಸೌದಿ ಅರೇಬಿಯಾ ಅಂತೂ ಮರೆಯುವುದೇ ಇಲ್ಲ.

ಅವರೇ ಎರ್ವೆ ರೆನಾರ್. ಟಿವಿಯಲ್ಲಿ ನೋಡಿರುತ್ತೀರಿ. ಎತ್ತರದ ಆಳು, ಹೊಂಬಣ್ಣದ ಕೂದಲು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಆ ಅಂಗಿ ಅದೃಷ್ಟ ತರುತ್ತದೆ ಅನ್ನುವ ನಂಬಿಕೆ ಅವರಿಗಿದೆ. ಪತ್ರಿಕೆಗಳು ಆ ಅಂಗಿಯ ಬಗ್ಗೆ ಬೇಕಾದಷ್ಟು ಬರೆದಿವೆ, ನಾನು ಅದನ್ನು ಇಲ್ಲಿಗೇ ಬಿಡುತ್ತೇನೆ. ನನಗೆ ಕುತೂಹಲ ಇರೋದು ಅವರ ಕೆಲಸದ ಬಗ್ಗೆ.

ನಾನು ಹೇಳಬೇಕೆಂದಿರುವುದು ಒಂದೇ ಮಾತು. ಡಿಫೆಂಡರ್‌ಗಳು ಸಾಲಾಗಿ ನಿಂತು ಒಬ್ಬರ ದನಿಗೆ ಒಟ್ಟಿಗೆ ಹೆಜ್ಜೆ ಇಡುತ್ತಾರಲ್ಲ, ಆ ಕೆಲಸವನ್ನೇ ರೆನಾರ್ ಇಡೀ ತಂಡಕ್ಕೆ ಹಿಗ್ಗಿಸಿದರು. ಹನ್ನೊಂದು ಜನ ಒಂದೇ ದನಿಗೆ ಕಾಲು ಎತ್ತಬೇಕು. ಆ ದನಿಗೆ ಕೆಲವು ವಾರ ಎಂಥ ಶಕ್ತಿ ಇರುತ್ತದೆ ಅಂದರೆ, ಸಾಮಾನ್ಯ ತಂಡವೂ ದೊಡ್ಡವರನ್ನು ಕೆಡವುತ್ತದೆ. ಆದರೆ ಅದು ವರ್ಷವಿಡೀ, ದಿನವೂ ಹಾಗೇ ಕೆಲಸ ಮಾಡುವುದಿಲ್ಲ. ರೆನಾರ್ ಎಲ್ಲಿ ಗೆದ್ದರು, ಎಲ್ಲಿ ಸೋತರು ಅಂತ ನೋಡಿದರೆ ಎರಡೂ ಕಾಣುತ್ತದೆ.

ಮೊದಲು ಆಟಗಾರನಾಗಿದ್ದ ದಿನಗಳು. ರೆನಾರ್ ಹುಟ್ಟಿದ್ದು 1968ರ ಸೆಪ್ಟೆಂಬರ್ 30ರಂದು, ಆಲ್ಪ್ಸ್ ಕಡೆಯ ಎಕ್ಸ್-ಲೆ-ಬ್ಯಾಂ ಊರಿನಲ್ಲಿ. 1983ರಲ್ಲಿ, ಇನ್ನೂ ಹುಡುಗನಾಗಿದ್ದಾಗಲೇ, ಮೆಡಿಟರೇನಿಯನ್ ಕಡಲ ದಂಡೆಯ ಕಾನ್ ಕ್ಲಬ್ ಸೇರಿದರು. 1990ರವರೆಗೆ ಅಲ್ಲಿದ್ದರು. ಅದೇ ಹೊತ್ತಿಗೆ ಅದೇ ಕ್ಲಬ್‌ನಲ್ಲಿ ಜಿನದಿನ್ ಜಿದಾನ್ ಅನ್ನೋ ಹುಡುಗ ಬೆಳೆಯುತ್ತಿದ್ದ. ಜಿದಾನ್ ಎಲ್ಲಿಗೆ ಹೋದರು ಅಂತ ನಿಮಗೆ ಗೊತ್ತು. ರೆನಾರ್ ಹೋದದ್ದು ಪಕ್ಕದ ವಲೋರಿಸ್ ಊರಿಗೆ. ಪಿಕಾಸೊ ಮಣ್ಣಿನ ಪಾತ್ರೆಗಳ ಕೆಲಸ ಮಾಡಿದ್ದು ಇದೇ ಊರಿನಲ್ಲಿ. ಅಲ್ಲಿನ ಕ್ಲಬ್ ಕೆಳಗಿನ ಡಿವಿಜನ್‌ನದು. 1997ರವರೆಗೆ ಅಲ್ಲಿ ಆಡಿದರು. ಕೊನೆಗೆ ದ್ರಾಗಿನ್ಯಾಂ ಕ್ಲಬ್‌ಗೆ ಒಂದು ವರ್ಷ. ಫ್ರಾನ್ಸ್ ಹಿರಿಯರ ತಂಡದ ಜರ್ಸಿ ಅವರು ತೊಡಲೇ ಇಲ್ಲ.

ಕೆಳಗಿನ ಡಿವಿಜನ್‌ನಲ್ಲಿ ಆಡಿದರೆ ಸಂಸಾರ ನಡೆಯುವುದಿಲ್ಲ. ರೆನಾರ್ ಕಸ ಸಾಗಿಸುವ, ಕಟ್ಟಡ ಗುಡಿಸಿ ಒರೆಸುವ ಕೆಲಸಕ್ಕೆ ಸೇರಿದರು. ಬೆಳಗಿನ ಜಾವ ಎದ್ದು ಕೆಲಸ, ಸಂಜೆ ಮೈದಾನ. ಮುಂದೆ ತಮ್ಮದೇ ಒಂದು ಸಣ್ಣ ಕ್ಲೀನಿಂಗ್ ಕಂಪನಿ ಮಾಡಿಕೊಂಡರು. ಆಟ ನಿಲ್ಲಿಸಿದ ಮೇಲೂ ಇದೇ ದಿನಚರಿ. 1999ರಲ್ಲಿ ದ್ರಾಗಿನ್ಯಾಂ ತಂಡಕ್ಕೆ ಕೋಚ್ ಆದಾಗಲೂ ಬೆಳಗಿನ ಕೆಲಸ ಬಿಟ್ಟಿರಲಿಲ್ಲ. ಈ ವರ್ಷಗಳ ಬಗ್ಗೆ ಅವರು ಸಂದರ್ಶನಗಳಲ್ಲಿ ಮುಚ್ಚುಮರೆ ಇಲ್ಲದೆ, ಹೆಮ್ಮೆಯಿಂದಲೇ ಮಾತಾಡುತ್ತಾರೆ. ಇಲ್ಲಿ ಕೂತಿರುವ ಕೋಚ್‌ಗಳಲ್ಲಿ ಬೆಳಗ್ಗೆ ಬೇರೆ ಕೆಲಸ ಮಾಡಿ ಸಂಜೆ ಮೈದಾನಕ್ಕೆ ಬರುವವರು ಎಷ್ಟು ಜನ ಇದ್ದೀರಿ ಅಂತ ನನಗೆ ಗೊತ್ತು. ಅದಕ್ಕೇ ಈ ಭಾಗವನ್ನು ಹಾರಿಸಿ ಮುಂದೆ ಹೋಗಲು ಮನಸ್ಸು ಬರಲಿಲ್ಲ.

ಅಲ್ಲಿಂದ ಅವರನ್ನು ಮೇಲೆತ್ತಿದವರು ಕ್ಲೋದ್ ಲೆ ರುವಾ. 1988ರಲ್ಲಿ ಕ್ಯಾಮರೂನ್‌ಗೆ ಆಫ್ರಿಕಾ ಕಪ್ ಗೆದ್ದುಕೊಟ್ಟ ಹಿರಿಯ ಕೋಚ್. ಅವರು ರೆನಾರ್ ಅವರನ್ನು ಸಹಾಯಕರಾಗಿ ಶಾಂಘೈಗೆ ಕರೆದುಕೊಂಡು ಹೋದರು. ಆಮೇಲೆ ಇಂಗ್ಲೆಂಡಿನ ಕೇಂಬ್ರಿಜ್ ಯುನೈಟೆಡ್‌ಗೆ. ಅಲ್ಲಿ ಲೆ ರುವಾ ಬಿಟ್ಟ ಮೇಲೆ 2004ರಲ್ಲಿ ರೆನಾರ್ ಅವರೇ ಮುಖ್ಯ ಕೋಚ್ ಆದರು. ಅದು ನಾಲ್ಕನೇ ಹಂತದ ಲೀಗ್. ತಂಡ ಸೋಲುತ್ತಾ ಹೋಯಿತು. ಅದೇ ಡಿಸೆಂಬರ್‌ನಲ್ಲಿ ಅವರನ್ನು ತೆಗೆದುಹಾಕಿದರು. ಆಮೇಲೆ ವಿಯೆಟ್ನಾಂನ ನಾಮ್ ದಿನ್ ಕ್ಲಬ್‌ನಲ್ಲಿ ಸ್ವಲ್ಪ ಕಾಲ, ಫ್ರಾನ್ಸಿನ ಶೆರ್‌ಬೂರ್ ಕ್ಲಬ್‌ನಲ್ಲಿ ಎರಡು ವರ್ಷ. ಆಗಲೂ ಲೆ ರುವಾ ಅವರನ್ನು ಕೈಬಿಡಲಿಲ್ಲ. ಘಾನಾ ತಂಡಕ್ಕೆ ಕೋಚ್ ಆಗಿದ್ದ ಅವರು ಮತ್ತೆ ಕರೆದರು. 2008ರ ಆಫ್ರಿಕಾ ಕಪ್‌ನಲ್ಲಿ ಘಾನಾ ಮೂರನೇ ಸ್ಥಾನ ಪಡೆದಾಗ ರೆನಾರ್ ಸಹಾಯಕ ಕೋಚ್ ಆಗಿದ್ದರು. ಅದೇ ವರ್ಷ ಜಾಂಬಿಯಾ ದೇಶ ಅವರಿಗೆ ತನ್ನ ತಂಡವನ್ನು ವಹಿಸಿತು. ವಯಸ್ಸು ನಲವತ್ತರ ಹತ್ತಿರ. ಹೇಳಿಕೊಳ್ಳೋಕೆ ಒಂದು ಕಪ್ಪೂ ಇರಲಿಲ್ಲ.

ಜಾಂಬಿಯಾದ ಕಥೆ ಹೇಳಬೇಕಾದರೆ 1993ಕ್ಕೆ ಹೋಗಬೇಕು. ಆ ವರ್ಷ ಏಪ್ರಿಲ್ 27ರಂದು ಜಾಂಬಿಯಾ ತಂಡ ವಿಶ್ವಕಪ್ ಅರ್ಹತಾ ಪಂದ್ಯಕ್ಕೆ ಸೆನೆಗಲ್‌ಗೆ ಹೊರಟಿತ್ತು. ವಾಯುಪಡೆಯ ವಿಮಾನ. ದಾರಿಯಲ್ಲಿ ಇಂಧನ ತುಂಬಿಸಿಕೊಳ್ಳಲು ಗಬಾನ್ ದೇಶದ ಲಿಬ್ರವಿಲ್‌ನಲ್ಲಿ ಇಳಿಯಿತು. ಮತ್ತೆ ಮೇಲೇರಿದ ಸ್ವಲ್ಪ ಹೊತ್ತಿಗೇ ಸಮುದ್ರಕ್ಕೆ ಬಿತ್ತು. ಒಳಗಿದ್ದ 30 ಜನರೂ ತೀರಿಕೊಂಡರು. ಅವರಲ್ಲಿ 18 ಜನ ಆಟಗಾರರು. ಕೋಚ್ ಗಾಡ್‌ಫ್ರಿ ಚಿತಾಲು ಕೂಡ ಹೋದರು. ಒಂದು ದೇಶದ ಇಡೀ ತಂಡವೇ ಇಲ್ಲವಾಯಿತು. ತಂಡದ ತಾರೆ ಕಲುಶಾ ಬ್ವಾಲ್ಯ ಆಗ ಯುರೋಪಿನಲ್ಲಿ ಆಡುತ್ತಿದ್ದರು. ಅಲ್ಲಿಂದಲೇ ನೇರ ಬರುವವರಿದ್ದರು. ಹಾಗಾಗಿ ಉಳಿದುಕೊಂಡರು. ಮರುವರ್ಷವೇ ಹೊಸ ತಂಡ ಕಟ್ಟಿಕೊಂಡು ಜಾಂಬಿಯಾ ಆಫ್ರಿಕಾ ಕಪ್ ಫೈನಲ್ ತಲುಪಿತು. ಕಲುಶಾ ಅವರೇ ನಾಯಕ. ನೈಜೀರಿಯಾ ಎದುರು 2-1ರಲ್ಲಿ ಸೋತರು.

ರೆನಾರ್ ಬಂದಾಗ ಅದೇ ಕಲುಶಾ ಅಲ್ಲಿನ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷರು. 2010ರ ಕಪ್‌ನಲ್ಲಿ ತಂಡ ಕ್ವಾರ್ಟರ್ ಫೈನಲ್‌ಗೆ ಬಂತು. 1996ರ ನಂತರ ಅಷ್ಟು ದೂರ ಬಂದಿದ್ದು ಅದೇ ಮೊದಲು. ಅಲ್ಲಿ ನೈಜೀರಿಯಾ ಎದುರು ಶೂಟೌಟ್‌ನಲ್ಲಿ, ಅಂದರೆ ಸಮವಾದ ಪಂದ್ಯ ತೀರ್ಮಾನಿಸಲು ಸರದಿಯಂತೆ ಪೆನಾಲ್ಟಿ ಹೊಡೆಯುವುದರಲ್ಲಿ, ಸೋಲು. ಆಮೇಲೆ ರೆನಾರ್ ಬಿಟ್ಟು ಹೋದರು. ಅಂಗೋಲಾದಲ್ಲಿ ಕೆಲವು ತಿಂಗಳು, ಅಲ್ಜೀರಿಯಾದ ಯುಎಸ್‌ಎಂ ಅಲ್ಜೆ ಕ್ಲಬ್‌ನಲ್ಲಿ ಕೆಲವು ತಿಂಗಳು. 2011ರ ಅಕ್ಟೋಬರ್‌ನಲ್ಲಿ ಕಲುಶಾ ಅವರನ್ನು ವಾಪಸ್ ಕರೆಸಿದರು. ತಂಡವನ್ನು 2012ರ ಕಪ್‌ಗೆ ಅರ್ಹಗೊಳಿಸಿದ್ದ ಇಟಲಿಯ ಕೋಚ್ ದಾರಿಯೊ ಬೊನೆಟ್ಟಿ ಅವರನ್ನು ಆಗಷ್ಟೇ ತೆಗೆದಿದ್ದರು. ಜನರಿಗೆ ಇದು ಹಿಡಿಸಲಿಲ್ಲ. ಕಪ್ ಶುರುವಾಗಲು ಉಳಿದಿದ್ದದ್ದು ಮೂರು ತಿಂಗಳು.

ಈಗ ಒಂದು ವಿಷಯ ಗಮನಿಸಿ. ಆ ಕಪ್‌ಗೆ ಗಬಾನ್ ಮತ್ತು ಈಕ್ವಟೋರಿಯಲ್ ಗಿನಿ ಜಂಟಿ ಆತಿಥೇಯರು. ಫೈನಲ್ ಇದ್ದದ್ದು ಲಿಬ್ರವಿಲ್‌ನಲ್ಲಿ. ಜಾಂಬಿಯಾದ ಮೊದಲ ಐದು ಪಂದ್ಯಗಳೂ ಈಕ್ವಟೋರಿಯಲ್ ಗಿನಿಯಲ್ಲಿ. ಅಂದರೆ ತಮ್ಮ ಹಿರಿಯರು ತೀರಿಕೊಂಡ ಊರಿಗೆ ಈ ಹುಡುಗರು ಹೋಗಬೇಕಾದರೆ ಫೈನಲ್ ತಲುಪಲೇಬೇಕಿತ್ತು. ಮೊದಲ ಪಂದ್ಯದಲ್ಲೇ ಸೆನೆಗಲ್‌ಗೆ 2-1ರ ಆಘಾತ ಕೊಟ್ಟರು. ಲಿಬಿಯಾ ಜತೆ 2-2. ಆತಿಥೇಯರ ಮೇಲೆ 1-0. ಸುಡಾನ್ ಮೇಲೆ 3-0. ಸೆಮಿಫೈನಲ್‌ನಲ್ಲಿ ಘಾನಾ ಎದುರಿಗಿತ್ತು. ಅಸಮೋವಾ ಜಾನ್ ಹೊಡೆದ ಪೆನಾಲ್ಟಿಯನ್ನು ಗೋಲ್‌ಕೀಪರ್ ಕೆನಡಿ ಮ್ವೀನೆ ತಡೆದರು. ಬದಲಿ ಆಟಗಾರನಾಗಿ ಬಂದ ಎಮ್ಯಾನುಯೆಲ್ ಮಯೂಕಾ ಗೋಲು ಹೊಡೆದರು. 1-0.

ಫೈನಲ್‌ಗೆ ಮೊದಲು ತಂಡ ಲಿಬ್ರವಿಲ್‌ನ ಕಡಲ ತೀರಕ್ಕೆ ಹೋಯಿತು. ಆಟಗಾರರು ನೀರಿಗೆ ಹೂವು ಬಿಟ್ಟರು. ಕಲುಶಾ ಜತೆಗಿದ್ದರು. ಒಬ್ಬ ಕೋಚ್ ಇಂಥ ಜಾಗದಲ್ಲಿ ಏನು ಮಾಡಬೇಕು? ಹುಡುಗರ ಮೇಲೆ ಸತ್ತವರ ಭಾರ ಹೇರಿದರೆ ಕಾಲೇ ಏಳುವುದಿಲ್ಲ. ಏನೂ ಆಗಿಲ್ಲ ಅನ್ನೋ ಹಾಗೆ ಸುಮ್ನೆ ಇದ್ದುಬಿಡೋಕೂ ಆಗುವುದಿಲ್ಲ. ರೆನಾರ್ ಅದನ್ನು ಎಲ್ಲರೂ ಒಟ್ಟಿಗೆ ಹೊರುವ ಹಾಗೆ ಮಾಡಿದರು. ಅವರ ಇಡೀ ವೃತ್ತಿಯಲ್ಲಿ ನನಗೆ ಇದೇ ಎಲ್ಲಕ್ಕಿಂತ ದೊಡ್ಡ ಕೆಲಸ ಅನಿಸುತ್ತದೆ.

2012ರ ಫೆಬ್ರವರಿ 12. ಎದುರಿಗೆ ಐವರಿ ಕೋಸ್ಟ್. ದ್ರೋಗ್ಬಾ, ಯಾಯಾ ಟೂರೆ, ಕೋಲೊ ಟೂರೆ, ಜೆರ್ವಿನ್ಯೊ. ಇಡೀ ಕಪ್‌ನಲ್ಲಿ ಒಂದೇ ಒಂದು ಗೋಲು ಬಿಟ್ಟುಕೊಡದ ತಂಡ ಅದು. ಪಂದ್ಯ ಶುರುವಾಗಿ ಸ್ವಲ್ಪ ಹೊತ್ತಿಗೇ ಜಾಂಬಿಯಾದ ಡಿಫೆಂಡರ್ ಜೋಸೆಫ್ ಮುಸೊಂಡಾ ಗಾಯಗೊಂಡು ಅಳುತ್ತಾ ಹೊರಬಂದರು. 70ನೇ ನಿಮಿಷಕ್ಕೆ ಐವರಿ ಕೋಸ್ಟ್‌ಗೆ ಪೆನಾಲ್ಟಿ. ದ್ರೋಗ್ಬಾ ಬಾರ್‌ನ ಮೇಲಕ್ಕೆ ಹೊಡೆದರು. 120 ನಿಮಿಷ ಆದರೂ 0-0.

ಶೂಟೌಟ್‌ನಲ್ಲಿ ಎರಡೂ ಕಡೆಯವರು ಏಳೇಳು ಹೊಡೆದು ಏಳೂ ಗೋಲಾದವು. ಜಾಂಬಿಯಾದ ಐದನೆಯದನ್ನು ಹೊಡೆದದ್ದು ಗೋಲ್‌ಕೀಪರ್ ಮ್ವೀನೆ. ಎಂಟನೆಯದಕ್ಕೆ ಕೋಲೊ ಟೂರೆ ಬಂದರು. ಮ್ವೀನೆ ತಡೆದರು. ಈಗ ಜಾಂಬಿಯಾದ ಕಲಾಬಾ ಹೊಡೆದರೆ ಕಪ್. ಕಲಾಬಾ ಅವರದ್ದೂ ಗುರಿ ತಪ್ಪಿತು. ಮುಂದೆ ಜೆರ್ವಿನ್ಯೊ, ಅವರದ್ದೂ ತಪ್ಪಿತು. ಇತ್ತ ಮೈದಾನದ ನಡುವೆ ಜಾಂಬಿಯಾದ ಆಟಗಾರರು ಮಂಡಿಯೂರಿ ಹಾಡುತ್ತಿದ್ದರು. ಡಿಫೆಂಡರ್ ಸ್ಟೊಪಿಲಾ ಸುಂಜು ನಡೆದು ಬಂದರು. ಹೊಡೆದರು. 8-7. ಜಾಂಬಿಯಾಕ್ಕೆ ಮೊದಲ ಆಫ್ರಿಕಾ ಕಪ್. ವಿಮಾನ ಬಿದ್ದ ಸಮುದ್ರ ಆ ಸ್ಟೇಡಿಯಂನಿಂದ ದೂರವೇನಿಲ್ಲ.

ಆಗ ರೆನಾರ್ ಮಾಡಿದ್ದನ್ನು ವಿಡಿಯೊ ಸಿಕ್ಕರೆ ನೋಡಿ. ಎಲ್ಲರೂ ಓಡಾಡಿ ಕುಣಿಯುತ್ತಿದ್ದಾರೆ. ಕಾಲು ನೋವಿನಿಂದ ನಡೆಯಲಾಗದ ಮುಸೊಂಡಾ ಮಾತ್ರ ಪಕ್ಕದಲ್ಲಿದ್ದಾರೆ. ರೆನಾರ್ ಅವರನ್ನು ಎರಡೂ ತೋಳಲ್ಲಿ ಎತ್ತಿಕೊಂಡು, ಕುಣಿಯುತ್ತಿದ್ದ ಆಟಗಾರರ ನಡುವೆ ತಂದು ಬಿಟ್ಟರು. ಆರಂಭದಲ್ಲೇ ಹೊರಬಿದ್ದ ಡಿಫೆಂಡರ್ ಒಬ್ಬ ಅಲ್ಲೇ ಉಳಿದುಬಿಡಬಾರದು ಅಂತ ಆ ಗದ್ದಲದಲ್ಲೂ ಅವರಿಗೆ ಹೊಳೆಯಿತು.

ಆದರೆ ಮರುವರ್ಷ ಏನಾಯಿತು ಗೊತ್ತಾ? 2013ರ ಜನವರಿಯಲ್ಲಿ ಮತ್ತೆ ಕಪ್ ಬಂತು. ಹೆಚ್ಚುಕಡಿಮೆ ಅದೇ ಆಟಗಾರರು, ಅದೇ ಕೋಚ್. ಮೂರು ಪಂದ್ಯ, ಮೂರೂ ಡ್ರಾ. ಗುಂಪಿನ ಹಂತದಲ್ಲೇ ಮನೆಗೆ. ಅದೇ ವರ್ಷ ಅವರು ಫ್ರಾನ್ಸಿನ ಸೊಶೊ ಕ್ಲಬ್‌ಗೆ ಹೋದರು. ತಂಡ ತಳದಲ್ಲಿತ್ತು. ಅಲ್ಲಿಂದ ಎತ್ತಿಕೊಂಡು ಬಂದರು, ಆದರೆ ಸೀಸನ್‌ನ ಕೊನೆಯ ದಿನ ಎವಿಯಾಂ ಎದುರು ಸೋತು ಕೆಳಗಿನ ಡಿವಿಜನ್‌ಗೆ ಜಾರಿದರು. 2015ರಲ್ಲಿ ಲೀಲ್ ಕ್ಲಬ್ ಸಿಕ್ಕಿತು. ಮೇ ತಿಂಗಳಲ್ಲಿ ಸೇರಿದರು, ನವೆಂಬರ್‌ನಲ್ಲಿ ತೆಗೆದುಹಾಕಿದರು. ಕೇಂಬ್ರಿಜ್ ಸೇರಿಸಿಕೊಂಡರೆ ಒಂದೇ ಥರದ ಮೂರು ಸೋಲು. ಮೂರೂ ಕ್ಲಬ್‌ಗಳು.

ಸೊಶೊ ಮತ್ತು ಲೀಲ್ ನಡುವೆ ಏನಿತ್ತು ಅಂದರೆ ಐವರಿ ಕೋಸ್ಟ್. ತಾವೇ 2012ರಲ್ಲಿ ಸೋಲಿಸಿದ್ದ ತಂಡಕ್ಕೆ 2014ರಲ್ಲಿ ಕೋಚ್ ಆದರು. ದ್ರೋಗ್ಬಾ ಆಗಷ್ಟೇ ನಿವೃತ್ತಿಯಾಗಿದ್ದರು. 1992ರಲ್ಲಿ ಒಮ್ಮೆ ಕಪ್ ಗೆದ್ದಿದ್ದ ದೇಶ. ಆಮೇಲೆ ಒಳ್ಳೊಳ್ಳೆಯ ಆಟಗಾರರು ಬಂದು ಹೋದರೂ ಕಪ್ ಬರಲಿಲ್ಲ. ಅರ್ಹತಾ ಸುತ್ತಿನಲ್ಲಿ ರೆನಾರ್ ತಂಡ ತಮ್ಮ ನೆಲದಲ್ಲೇ ಡಿಆರ್ ಕಾಂಗೊ ಎದುರು 3-4ರಲ್ಲಿ ಸೋತಿತು. ಮನೆಯಲ್ಲಿ ನಾಲ್ಕು ಗೋಲು! ಡಿಫೆಂಡರ್ ಆಗಿದ್ದವರಿಗೆ ಇದನ್ನು ಸಹಿಸೋಕಾಗುತ್ತಾ? ಕಪ್‌ಗೆ ಬರುವ ಹೊತ್ತಿಗೆ ಹಿಂದಿನ ಸಾಲನ್ನೇ ಬದಲಿಸಿದ್ದರು. ಮೂವರು ಸೆಂಟರ್ ಬ್ಯಾಕ್‌ಗಳು, ಅಂದರೆ ಸಾಲಿನ ನಡುವೆ ನಿಲ್ಲುವ ಡಿಫೆಂಡರ್‌ಗಳು. ನಡುವೆ ಹಳಬ ಕೋಲೊ ಟೂರೆ, ಅಕ್ಕಪಕ್ಕ ಇನ್ನೂ ಹೆಸರು ಮಾಡಿರದ ಎರಿಕ್ ಬೈಯಿ ಮತ್ತು ವಿಲ್ಫ್ರೆಡ್ ಕಾನೊ. ಅದೇ ಕಾಂಗೊ ಸೆಮಿಫೈನಲ್‌ನಲ್ಲಿ ಸಿಕ್ಕಾಗ 3-1ರಲ್ಲಿ ಗೆದ್ದರು. ಫೈನಲ್‌ನಲ್ಲಿ ಘಾನಾ. 0-0. ಮತ್ತೆ ಶೂಟೌಟ್. ಐವರಿ ಕೋಸ್ಟ್‌ನ ಮೊದಲ ಎರಡೂ ಪೆನಾಲ್ಟಿ ಹಾಳಾದವು. ಕೊನೆಗೆ ಗೋಲ್‌ಕೀಪರ್ ಬೂಬಕರ್ ಬರಿ ಎದುರಾಳಿ ಕೀಪರ್‌ನ ಹೊಡೆತ ತಡೆದು, ತಾವೇ ಹೊಡೆದು ಗೆಲ್ಲಿಸಿದರು. 9-8. ಬರಿ ಆ ಫೈನಲ್ ಆಡಿದ್ದೇ ಇನ್ನೊಬ್ಬ ಕೀಪರ್ ಗಾಯಗೊಂಡಿದ್ದರಿಂದ. ಎರಡು ಬೇರೆ ಬೇರೆ ದೇಶಗಳಿಗೆ ಆಫ್ರಿಕಾ ಕಪ್ ಗೆದ್ದುಕೊಟ್ಟ ಮೊದಲ ಕೋಚ್ ರೆನಾರ್.

ಎರಡು ಫೈನಲ್, ಎರಡೂ 0-0, ಎರಡೂ ಶೂಟೌಟ್. ಅದೃಷ್ಟ ಅಂತ ಕೆಲವರು ಹೇಳುತ್ತಾರೆ. ಶೂಟೌಟ್‌ನಲ್ಲಿ ಅದೃಷ್ಟ ಇದೆ, ಒಪ್ಪೋಣ. ಆದರೆ ಬಲಿಷ್ಠ ತಂಡದ ಎದುರು 120 ನಿಮಿಷ ಗೋಲು ಬಿಡದೆ ಶೂಟೌಟ್‌ವರೆಗೆ ಬರಬೇಕಲ್ಲ? ಅದು ಕೆಲಸ.

2016ರಿಂದ ಮೊರಾಕ್ಕೊ. ಇಲ್ಲಿ ಮೂರು ವರ್ಷ ಉಳಿದರು. ಹಾಗಾದರೆ ದನಿ ಹೆಚ್ಚು ಕಾಲ ನಡೆಯುವುದಿಲ್ಲ ಅನ್ನೋ ನಿಮ್ಮ ಮಾತು ಸುಳ್ಳಾಯಿತಲ್ಲ ಅಂತ ನೀವು ಕೇಳಬಹುದು. ದೇಶದ ತಂಡಕ್ಕೆ ಕೋಚ್ ಆಟಗಾರರನ್ನು ನೋಡುವುದೇ ವರ್ಷಕ್ಕೆ ಕೆಲವು ಸಲ, ಒಂದೊಂದು ಸಲ ಹತ್ತು ಹನ್ನೆರಡು ದಿನ. ಆಮೇಲೆ ಅವರವರ ಕ್ಲಬ್‌ಗೆ ಹೋಗುತ್ತಾರೆ. ಮುಂದಿನ ಸಲ ಬಂದಾಗ ಮಾತು ಮತ್ತೆ ಹೊಸದಾಗಿರುತ್ತದೆ. ಕ್ಲಬ್‌ನಲ್ಲಿ ಹಾಗಿಲ್ಲ. ದಿನಾ ಬೆಳಗ್ಗೆ ಅದೇ ಮುಖ, ಅದೇ ಗದರಿಕೆ. ಅಲ್ಲಿ ಬೇರೆ ಥರದ ತಾಳ್ಮೆ ಬೇಕು, ವರ್ಷಗಟ್ಟಲೆ ಆಟದ ಮಾದರಿ ಕಟ್ಟುವ ತಾಳ್ಮೆ.

ಮೊರಾಕ್ಕೊ 2018ರ ವಿಶ್ವಕಪ್‌ಗೆ ಅರ್ಹವಾಯಿತು, 1998ರ ನಂತರ ಮೊದಲ ಸಲ. ಕೊನೆಯ ಅರ್ಹತಾ ಗುಂಪಿನ ಆರು ಪಂದ್ಯಗಳಲ್ಲಿ ಒಂದೂ ಗೋಲು ಬಿಡಲಿಲ್ಲ. ಮತ್ತೊಮ್ಮೆ ಹೇಳುತ್ತೇನೆ, ಆರು ಪಂದ್ಯ, ಬಿಟ್ಟ ಗೋಲು ಸೊನ್ನೆ. ಕೊನೆಯದ್ದು ಅಬಿಜಾನ್‌ನಲ್ಲಿ, ಅದೇ ಐವರಿ ಕೋಸ್ಟ್ ಎದುರು. 2-0. ರಷ್ಯಾದಲ್ಲಿ ಮಾತ್ರ ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ. ಇರಾನ್ ಎದುರು 90 ನಿಮಿಷ ಮುಗಿದ ಮೇಲೆ ಸಿಕ್ಕ ಹೆಚ್ಚುವರಿ ನಿಮಿಷಗಳಲ್ಲಿ ತಮ್ಮದೇ ಆಟಗಾರನ ತಲೆಗೆ ತಾಗಿ ಚೆಂಡು ಒಳಹೋಯಿತು. ಪೋರ್ಚುಗಲ್ ಎದುರು ರೊನಾಲ್ಡೊ ಅವರ ಒಂದು ಗೋಲು. ಸ್ಪೇನ್ ಜತೆ 2-2. 2019ರ ಆಫ್ರಿಕಾ ಕಪ್‌ನಲ್ಲಿ ಬೆನಿನ್ ಎದುರು ಶೂಟೌಟ್‌ನಲ್ಲಿ ಸೋತ ಮೇಲೆ ರಾಜೀನಾಮೆ ಕೊಟ್ಟರು.

ಇನ್ನು ನೀವೆಲ್ಲ ಕಾಯುತ್ತಿರುವ ಪಂದ್ಯಕ್ಕೆ ಬರೋಣ.

2019ರಲ್ಲಿ ಸೌದಿ ಅರೇಬಿಯಾ ಸೇರಿದರು. ವಿಶ್ವಕಪ್ ಅರ್ಹತಾ ಗುಂಪಿನಲ್ಲಿ ಜಪಾನ್‌ಗಿಂತ ಮೇಲೆ, ಮೊದಲ ಸ್ಥಾನ. 2022ರ ಕಪ್‌ಗೆ ಹೋದ 26 ಆಟಗಾರರೂ ಸೌದಿ ಲೀಗ್‌ನವರೇ. ಯುರೋಪಿನಲ್ಲಿ ಆಡುವವರು ಒಬ್ಬರೂ ಇಲ್ಲ. ಇದನ್ನು ದೌರ್ಬಲ್ಯ ಅಂತ ಬರೆದವರು ಜಾಸ್ತಿ. ರೆನಾರ್‌ಗೆ ಇದು ವರ. ಬೇರೆ ದೇಶದ ಕೋಚ್‌ಗಳಿಗೆ ಆಟಗಾರರು ಸಿಕ್ಕಿದ್ದು ಕಪ್‌ಗೆ ಕೆಲವೇ ದಿನ ಮೊದಲು. ಇವರಿಗೆ ಲೀಗ್ ನಿಲ್ಲಿಸಿ ವಾರಗಟ್ಟಲೆ ಕ್ಯಾಂಪ್ ಸಿಕ್ಕಿತು. ಅವರ ದನಿ ಅತಿ ಹೆಚ್ಚು ಕೆಲಸ ಮಾಡುವುದು ಇಂಥ ವಾರಗಳಲ್ಲೇ.

ನವೆಂಬರ್ 22, ಕತಾರ್‌ನ ಲುಸೈಲ್. ಅರ್ಜೆಂಟೀನಾ ಅದಕ್ಕೆ ಮೊದಲು 36 ಪಂದ್ಯ ಸೋತಿರಲಿಲ್ಲ. ಹತ್ತನೇ ನಿಮಿಷಕ್ಕೆ ಮೆಸ್ಸಿ ಪೆನಾಲ್ಟಿ ಹೊಡೆದರು. 1-0. ಸಾಮಾನ್ಯವಾಗಿ ಸಣ್ಣ ತಂಡ ಆಗೇನು ಮಾಡುತ್ತದೆ? ಹೆದರಿ ತನ್ನ ಗೋಲಿನ ಹತ್ತಿರ ಗುಂಪುಗೂಡುತ್ತದೆ. ಸೌದಿ ಹಾಗೆ ಮಾಡಲಿಲ್ಲ. ಅವರ ಹಿಂದಿನ ಸಾಲು ಗೋಲಿನಿಂದ ಬಹಳ ಮುಂದೆ, ಮೈದಾನದ ನಡುಗೆರೆಯ ಕಡೆಗೆ ಬಂದು ನಿಂತಿತ್ತು. ಹಿಂದೆ ದೊಡ್ಡ ಬಯಲು ಖಾಲಿ. ಮೆಸ್ಸಿ ಎದುರು ಇದು ಹುಚ್ಚು ಸಾಹಸ ಅಂತ ಮೊದಲ ಅರ್ಧ ಗಂಟೆ ನಮ್ಮೆಲ್ಲರಿಗೂ ಅನಿಸಿತ್ತು ಅಲ್ವಾ?

ಅದು ಹೇಗೆ ಕೆಲಸ ಮಾಡಿತು ಅಂತ ಸ್ವಲ್ಪ ಬಿಡಿಸಿ ನೋಡೋಣ, ಇಲ್ಲಿ ಎಳೆಯ ಡಿಫೆಂಡರ್‌ಗಳು ಕೂತಿದ್ದಾರೆ. ಎದುರಾಳಿ ಚೆಂಡನ್ನು ಒದೆಯುವ ಆ ಕ್ಷಣದಲ್ಲಿ ಅವನ ಜತೆಗಾರ ನಮ್ಮ ಕೊನೆಯ ಡಿಫೆಂಡರ್‌ನನ್ನು ದಾಟಿ ನಿಂತಿದ್ದರೆ ಆಫ್‌ಸೈಡ್. ಹಾಗಾಗಿ ನಾವು ಒಂದು ಹೆಜ್ಜೆ ಮುಂದೆ ಬಂದರೆ ಅವನು ಆಫ್‌ಸೈಡ್‌ಗೆ ಬೀಳುತ್ತಾನೆ. ಆದರೆ ಆ ಹೆಜ್ಜೆಯನ್ನು ನಾಲ್ವರೂ ಒಟ್ಟಿಗೆ ಇಡಬೇಕು. ಒಬ್ಬನ ಕಾಲು ಹಿಂದೆ ಉಳಿದರೂ ಎಲ್ಲ ಹೋಯಿತು. ಗದ್ದೆಯಲ್ಲಿ ನೇಜಿ ನೆಡುವವರು ಸಾಲು ಕೆಡದ ಹಾಗೆ ಒಟ್ಟಿಗೆ ಹೆಜ್ಜೆ ಸರಿಸುತ್ತಾರಲ್ಲ, ಹಾಗೆ. ಯಾವಾಗ ಮುಂದೆ ಬರಬೇಕು? ಚೆಂಡು ಇರುವವನಿಗೆ ನಮ್ಮವರು ಒತ್ತಡ ಹಾಕಿದ್ದರೆ, ಅವನಿಗೆ ತಲೆ ಎತ್ತಿ ನೋಡಲು ಪುರುಸೊತ್ತು ಇಲ್ಲದಿದ್ದರೆ, ಮುಂದೆ ಬನ್ನಿ. ಅವನು ಆರಾಮಾಗಿ ತಲೆ ಎತ್ತಿ ನೋಡುತ್ತಿದ್ದರೆ ಹಿಂದೆ ಸರಿಯಿರಿ. ಅಂದರೆ ಹಿಂದಿನ ಸಾಲು ಬದುಕುವುದು ಮುಂದಿನವರ ಓಟದ ಮೇಲೆ. ಸೌದಿಯ ಡಿಫೆಂಡರ್‌ಗಳಾದ ತಂಬಕ್ತಿ ಮತ್ತು ಬುಲೈಹಿ ಸಾಲಿನ ನಡುವೆ ನಿಂತು ಅದನ್ನು ಹಿಡಿದಿದ್ದರು. ಮೊದಲಾರ್ಧದಲ್ಲಿ ಅರ್ಜೆಂಟೀನಾ ಮೂರು ಸಲ ಚೆಂಡನ್ನು ಬಲೆಗೆ ಸೇರಿಸಿತು. ಮೆಸ್ಸಿ ಒಂದು, ಲೌತಾರೊ ಮಾರ್ಟಿನೆಜ್ ಎರಡು. ಮೂರೂ ಆಫ್‌ಸೈಡ್. ಅದರಲ್ಲಿ ಒಂದು ಕೂದಲೆಳೆಯ ಅಂತರದಲ್ಲಿ.

ಹಾಫ್‌ಟೈಮ್‌ನಲ್ಲಿ ರೆನಾರ್ ಮಾತಾಡಿದ ವಿಡಿಯೊ ಆಮೇಲೆ ಎಲ್ಲ ಕಡೆ ಹರಿದಾಡಿತು. ಇಂಗ್ಲಿಷ್‌ನಲ್ಲಿ ಕೂಗುತ್ತಿದ್ದಾರೆ. ಪಕ್ಕದಲ್ಲಿ ಅನುವಾದಕರು ಅಷ್ಟೇ ಜೋರಾಗಿ ಅರಬ್ಬಿಯಲ್ಲಿ ಹೇಳುತ್ತಿದ್ದಾರೆ. ಮೆಸ್ಸಿ ಚೆಂಡು ಇಟ್ಟುಕೊಂಡು ನಿಂತಿದ್ದರೆ ನೀವು ಸುಮ್ನೆ ಎದುರಿಗೆ ನಿಂತು ನೋಡುತ್ತಿದ್ದೀರಿ, ಬೇಕಿದ್ದರೆ ಫೋನ್ ತಂದು ಅವರ ಜತೆ ಫೋಟೊ ತೆಗೆಸಿಕೊಳ್ಳಿ ಅಂತ ಬೈದರು. ಜನ ಈ ಬೈಗುಳವನ್ನಷ್ಟೇ ನೆನಪಿಟ್ಟುಕೊಂಡರು. ಆದರೆ ಅದರ ಒಳಗಿರುವ ಪಾಠ ಡಿಫೆಂಡರ್‌ನದು. ಚೆಂಡು ಇರುವವನಿಗೆ ಒತ್ತಡ ಇಲ್ಲ ಅಂದರೆ ನನ್ನ ಹಿಂದಿನ ಸಾಲು ಸಾಯುತ್ತದೆ ಅಂತ ಅವರು ಹೇಳುತ್ತಿದ್ದರು. ನಾವು ವಾಪಸ್ ಬರಬಹುದು ಅಂತ ಅನಿಸುತ್ತಿಲ್ಲವಾ ಅಂತಲೂ ಕೇಳಿದರು.

48ನೇ ನಿಮಿಷ, ಸಾಲೆ ಅಲ್-ಶೆಹ್ರಿ. 53ನೇ ನಿಮಿಷ, ಸಾಲೆಂ ಅಲ್-ದಾವ್ಸರಿ, ಮೂಲೆಗೆ ಬಾಗಿಸಿ ಹೊಡೆದ ಆ ಗೋಲು. 2-1. ಉಳಿದದ್ದೆಲ್ಲ ಗೋಲ್‌ಕೀಪರ್ ಮೊಹಮ್ಮದ್ ಅಲ್-ಓವೈಸ್ ಅವರ ಆಟ. ಮರುದಿನಕ್ಕೆ ಸೌದಿ ದೊರೆ ಇಡೀ ದೇಶಕ್ಕೇ ರಜೆ ಘೋಷಿಸಿದರು, ಸರ್ಕಾರಿ ಖಾಸಗಿ ಎಲ್ಲರಿಗೂ. ಮಂಗಳೂರು, ಉಡುಪಿ, ಭಟ್ಕಳದ ಕಡೆಯಿಂದ ಹೋಗಿ ಜುಬೈಲ್, ದಮಾಮ್, ರಿಯಾದ್‌ನಲ್ಲಿ ದುಡಿಯುವ ನಮ್ಮವರ ಪಾಲಿಗೂ ಅದು ರಜೆಯ ದಿನ. ಅರ್ಜೆಂಟೀನಾ ಆಮೇಲೆ ಕಪ್ ಗೆದ್ದಿತು. ಸೌದಿ ಮಾತ್ರ ಪೋಲೆಂಡ್ ಎದುರು 0-2, ಮೆಕ್ಸಿಕೊ ಎದುರು 1-2ರಲ್ಲಿ ಸೋತು ಗುಂಪಿನಲ್ಲೇ ಹೊರಬಿತ್ತು. ಇದನ್ನೂ ಹೇಳದೆ ಇದ್ದರೆ ಕಥೆ ಅರ್ಧ ಆಗುತ್ತದೆ.

ನನ್ನ ಮಾತು ಇಷ್ಟು. ಪ್ರಶ್ನೆಗಳಿದ್ದರೆ ಕೇಳಿ.

*ಒಬ್ಬರು ಹುಡುಗಿಯರ ತಂಡದ ಕೋಚ್ ಕೇಳಿದರು: ಅವರು ಫ್ರಾನ್ಸಿನ ಮಹಿಳಾ ತಂಡಕ್ಕೂ ಕೋಚ್ ಆಗಿದ್ದರಲ್ಲ, ಸರ್? ಅದನ್ನು ಯಾಕೆ ಬಿಟ್ಟಿರಿ?*

ಬಿಡಬಾರದಿತ್ತು ಮೇಡಂ, ಕೇಳಿದ್ದು ಒಳ್ಳೆಯದಾಯಿತು. 2023ರ ಮಾರ್ಚ್‌ನಲ್ಲಿ ಅವರು ಸೌದಿ ಬಿಟ್ಟು ಆ ತಂಡಕ್ಕೆ ಬಂದರು. ಅದಕ್ಕೆ ಮೊದಲು ತಂಡ ಒಡೆದಿತ್ತು. ನಾಯಕಿ ವೆಂಡಿ ರೆನಾರ್ ಸೇರಿ ಕೆಲವು ಪ್ರಮುಖ ಆಟಗಾರ್ತಿಯರು ಈ ಸ್ಥಿತಿಯಲ್ಲಿ ವಿಶ್ವಕಪ್ ಆಡುವುದಿಲ್ಲ ಅಂದಿದ್ದರು. ವೆಂಡಿ ಅವರಿಗೂ ಇವರಿಗೂ ಹೆಸರು ಒಂದೇ, ನೆಂಟಸ್ತನ ಇಲ್ಲ. ಆಗಿನ ಕೋಚ್ ಕೊರಿನ್ ಡಿಯಾಕ್ರ್ ಅವರನ್ನು ಸಂಸ್ಥೆ ತೆಗೆದಿತ್ತು. ವಿಶ್ವಕಪ್‌ಗೆ ನಾಲ್ಕು ತಿಂಗಳು ಮಾತ್ರ ಇತ್ತು. ಮತ್ತೆ ನೋಡಿ, ಸಮಯ ಕಮ್ಮಿ, ತಂಡ ಗಾಬರಿಯಲ್ಲಿದೆ, ಎಲ್ಲರನ್ನೂ ಒಂದು ಸಾಲಿಗೆ ತರಬೇಕು. ಇಂಥ ಕೆಲಸಕ್ಕೇ ಅವರನ್ನು ಕರೆಯುತ್ತಾರೆ. ಬಿಟ್ಟು ಹೋಗಿದ್ದವರು ವಾಪಸ್ ಬಂದರು, ದೂರ ಇಟ್ಟಿದ್ದ ಯುಜೆನಿ ಲೆ ಸೊಮೆ ಅವರನ್ನೂ ಮತ್ತೆ ಕರೆದರು. ಬ್ರೆಜಿಲ್ ಎದುರು 2-1ರ ಗೆಲುವಿನಲ್ಲಿ ಮೊದಲ ಗೋಲು ಲೆ ಸೊಮೆ ಅವರದ್ದು, ಎರಡನೆಯದು ವೆಂಡಿ ಅವರ ಹೆಡರ್. ಕ್ವಾರ್ಟರ್ ಫೈನಲ್ ಬ್ರಿಸ್ಬೇನ್‌ನಲ್ಲಿ, ಆತಿಥೇಯ ಆಸ್ಟ್ರೇಲಿಯಾ ಎದುರು. 0-0. ಶೂಟೌಟ್‌ಗೆಂದೇ ಕೀಪರ್ ಬದಲಿಸಿ ಸೊಲೆನ್ ಡ್ಯುರಾಂ ಅವರನ್ನು ಇಳಿಸಿದರು. 6-7ರಲ್ಲಿ ಸೋತರು. ಎಂಟು ಒಂಬತ್ತು ತಿಂಗಳ ಅಂತರದಲ್ಲಿ ಗಂಡಸರ ವಿಶ್ವಕಪ್, ಹೆಂಗಸರ ವಿಶ್ವಕಪ್ ಎರಡಕ್ಕೂ ಕೋಚ್! 2024ರಲ್ಲಿ ಯುರೋಪಿನ ನೇಷನ್ಸ್ ಲೀಗ್ ಫೈನಲ್‌ನಲ್ಲಿ ಸ್ಪೇನ್ ಎದುರು ಸೋಲು, ಪ್ಯಾರಿಸ್ ಒಲಿಂಪಿಕ್ಸ್ ಕ್ವಾರ್ಟರ್ ಫೈನಲ್‌ನಲ್ಲಿ ಬ್ರೆಜಿಲ್ ಎದುರು 0-1. ಅಲ್ಲಿಗೆ ಬಿಟ್ಟರು. ಪದಕ ತರಲಿಲ್ಲ ಅಂತ ಟೀಕೆ ಬಂತು. ಅಂಥ ಆಟಗಾರ್ತಿಯರಿದ್ದ ತಂಡ ಇನ್ನೂ ದೂರ ಹೋಗಬೇಕಿತ್ತು ಅಂತ ನನಗೂ ಅನಿಸುತ್ತದೆ.

*ಒಬ್ಬ ಹುಡುಗ ಕೇಳಿದ: ಅವರು ಇದ್ದಿದ್ದರೆ ಮಾತ್ರ ಆ ತಂಡಗಳು ಗೆಲ್ಲುತ್ತಿದ್ದವಾ ಸರ್?*

ಒಳ್ಳೆ ಪ್ರಶ್ನೆ ಮಗಾ. 2024ರ ಜನವರಿಯಲ್ಲಿ ಹೆಚ್ಚುಕಡಿಮೆ ಇದಕ್ಕೇ ಪರೀಕ್ಷೆ ನಡೆಯಿತು. ಆಫ್ರಿಕಾ ಕಪ್ ಐವರಿ ಕೋಸ್ಟ್‌ನಲ್ಲೇ ಇತ್ತು. ಆತಿಥೇಯರು ಈಕ್ವಟೋರಿಯಲ್ ಗಿನಿ ಎದುರು 0-4ರಲ್ಲಿ ಸೋತರು. ಕೋಚ್ ಅವರನ್ನು ಕಪ್ ನಡುವೆಯೇ ತೆಗೆದರು. ಬೇರೆ ತಂಡಗಳ ಫಲಿತಾಂಶದಿಂದ ಹೇಗೋ ಮುಂದಿನ ಸುತ್ತಿಗೆ ಜಾಗ ಸಿಕ್ಕಿತು. ಆಗ ಐವರಿ ಕೋಸ್ಟ್‌ನವರು ಫ್ರಾನ್ಸ್ ಸಂಸ್ಥೆಯನ್ನು ಕೇಳಿದ್ದು ಏನು ಗೊತ್ತಾ? ಈ ಕಪ್ ಮುಗಿಯುವವರೆಗೆ ನಿಮ್ಮ ಮಹಿಳಾ ತಂಡದ ಕೋಚ್ ರೆನಾರ್ ಅವರನ್ನು ನಮಗೆ ಕೊಡಿ ಅಂತ. 2015ರ ಕಪ್ ಗೆದ್ದು ಒಂಬತ್ತು ವರ್ಷ ಆದ ಮೇಲೂ, ಕೆಲವೇ ದಿನಗಳಿಗೆ, ಆ ಮನುಷ್ಯನೇ ಬೇಕು ಅನಿಸಿತು ಅವರಿಗೆ. ಫ್ರಾನ್ಸ್ ಒಪ್ಪಲಿಲ್ಲ. ಸಹಾಯಕರಾಗಿದ್ದ ಎಮೆರ್ಸ್ ಫಯೆ ಅವರಿಗೆ ತಂಡ ವಹಿಸಿದರು. ಸೆನೆಗಲ್ ಎದುರು ಶೂಟೌಟ್‌ನಲ್ಲಿ ಗೆಲುವು. ಹತ್ತೇ ಜನ ಉಳಿದರೂ ಮಾಲಿ ಮೇಲೆ 2-1. ಕಾಂಗೊ ಮೇಲೆ 1-0. ಫೈನಲ್‌ನಲ್ಲಿ ನೈಜೀರಿಯಾ ಮೇಲೆ 2-1. ಕಪ್ ಅವರದ್ದೇ. ಹಾಗಾಗಿ, ರೆನಾರ್ ಇಲ್ಲದೆಯೂ ಗೆದ್ದರು. ಇತ್ತ ರೆನಾರ್ ಅದೇ ವರ್ಷ ಅಕ್ಟೋಬರ್‌ನಲ್ಲಿ ಮತ್ತೆ ಸೌದಿಗೆ ಹೋದರು. ಅರ್ಹತಾ ಸುತ್ತಿನಲ್ಲಿ ತಂಡ ತಡವರಿಸುತ್ತಿತ್ತು. 2025ರ ಅಕ್ಟೋಬರ್‌ನಲ್ಲಿ ಜಿದ್ದಾದಲ್ಲಿ ಇರಾಕ್ ಜತೆ ಡ್ರಾ ಮಾಡಿಕೊಂಡು 2026ರ ವಿಶ್ವಕಪ್‌ಗೆ ಅರ್ಹತೆ ಪಡೆದರು. ಅಂದು ಅವರಿಗೆ ಡ್ರಾ ಸಾಕಿತ್ತು. ಗೋಲು ಬಿಡದೆ 90 ನಿಮಿಷ ನಿಂತರು, 0-0.

ಫಯೆ ಅವರ ಕಥೆಯೂ ದೊಡ್ಡದಿದೆ. ಅವರು ಡಿಫೆಂಡರ್ ಅಲ್ಲ, ಮಿಡ್‌ಫೀಲ್ಡರ್. ಅದಕ್ಕೆ ಇನ್ನೊಂದು ಸಂಜೆ ಸೇರೋಣ.